ಆಂಜಿನಪ್ಪನ ರಾಗಿ ಹೊಲ

"ನಿನ್ನ ಹೊಲ ಬಿಟ್ಟು ನನ್ನ ಹೊಲಕ್ಕೇ ಯಾಕ್ಲಾ ಬತ್ತದೆ ದಿಬ್ಬ? ಸರ್ವೆಯೋರ್ಗೆ ಕೋಳಿ ಕುಯ್ದು ಇಕ್ಕಿದ್ದೀಯ. ನಂಗೇನು ವಾಸ್ನೆ ಬರಾಕಿಲ್ವಾ?"

"ಇಕ್ಕಿದ್ದೆ ಕಣ್ಲಾ. ನೀನು ಒಂದು ಮೊಟ್ಟೆನಾರ ಇಕ್ಕಬೇಕಾಗಿತ್ತು," ಎಂದ ದೊಡ್ಡವೆಂಕಟಪ್ಪ.

ಆಂಜಿನಪ್ಪ ತನ್ನ ಹೊಲದಲ್ಲಿ ಕಂಪನಿಯವರು ನೆಟ್ಟ ಗೂಟವನ್ನು ಜಾಡಿಸಿ ಒದ್ದ. ಗೂಟ ಅಲುಗಲಿಲ್ಲ, ಹೆಬ್ಬೆರಳು ಊದಿಕೊಂಡಿತು.

ದೊಡ್ಡವೆಂಕಟಪ್ಪ ಅವನ ದಾಯಾದಿ, ಬದುವಿನ ಆಚೆಯವನು. ಇಬ್ಬರ ಹೊಲಗಳಲ್ಲಿ ಒಂದರ ಮೇಲೆ ಗಣಿ ಕಂಪನಿಯ ಹೊಸ ಸೈನೈಡ್ ದಿಬ್ಬ ಬರುವುದಿತ್ತು. ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿಯುವ ಬೂದು ಮಣ್ಣನ್ನು ಸುರಿಯುವ ಜಾಗ ಅದು. ಆ ಮಣ್ಣು ಬಿದ್ದಲ್ಲಿ ಗರಿಕೆಯೂ ಹುಟ್ಟದು. ಹಳೆಯ ದಿಬ್ಬ ಮಳೆಗೆ ಜಾರಿ ಊರ ಕೆರೆಗಿಳಿದ ವರ್ಷ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದವು. ಅಲ್ಲಿ ಬಲೆ ಬೀಸುತ್ತಿದ್ದ ಸೀನಪ್ಪ ಈಗ ಸುರಂಗದಲ್ಲಿ ಟ್ರಾಲಿ ತಳ್ಳುತ್ತಾನೆ. ಬಲೆ ಅವನ ಕೋಳಿಗೂಡಿಗೆ ಹೊದಿಕೆಯಾಗಿದೆ. ಆಂಜಿನಪ್ಪನಿಗೆ ಟ್ರಾಲಿ ತಳ್ಳುವ ಆಸೆ ಇರಲಿಲ್ಲ. ಅಪ್ಪನ ಕಾಲದಿಂದ ಗೊಬ್ಬರ ಹೊತ್ತು ಹದಕ್ಕೆ ತಂದ ಹೊಲ. ಅದು ಹೋದರೆ ಅವನಿಗೆ ಬೇರೇನೂ ಇಲ್ಲ.

ಉಪಾಯ ಹೊಳೆದದ್ದು ರಾಬರ್ಟ್‌ಸನ್‌ಪೇಟೆಯ ಹೋಟೆಲಿನಲ್ಲಿ, ಕಾಫಿ ಆರಿಸಿಕೊಳ್ಳುವಾಗ. ಚಿನ್ನವಿರುವ ನೆಲದ ಮೇಲೆ ಕಸ ಸುರಿಯುವ ಹುಚ್ಚ ಯಾವನಿದ್ದಾನೆ? ತನ್ನ ಹೊಲದಲ್ಲಿ ಚಿನ್ನ ಕಂಡರೆ ಗೂಟ ಕಿತ್ತು ಬದುವಿನಾಚೆ ನೆಡುತ್ತಾರೆ. ಅಲ್ಲಿ ಇಲ್ಲಿ ಕೆದಕಿ, ಏನೂ ಇಲ್ಲವೆಂದು ಕಂಪನಿಗೆ ಗೊತ್ತಾಗುವಷ್ಟರಲ್ಲಿ ದೊಡ್ಡವೆಂಕಟಪ್ಪನ ಹೊಲ ಬೂದು ಮಣ್ಣಿನ ಕೆಳಗಿರುತ್ತದೆ. ಆಮೇಲೆ ಅವನು ಊರಿಗೆಲ್ಲ ಕೋಳಿ ತಿನ್ನಿಸಲಿ.

ಗಣಿಯಿಂದ ಚಿನ್ನ ಕದಿಯಲು ಹೋಗುವವನು ದಡ್ಡ, ಜೈಲು ಗ್ಯಾರಂಟಿ. ಚಿನ್ನ ಮನೆಯಲ್ಲೇ ಇತ್ತು. ಹೆಂಡತಿ ಗಂಗರತ್ನಮ್ಮನ ಗುಂಡಿನ ಸರ, ಅವಳ ತಾಯಿ ಕೊಟ್ಟದ್ದು. ಹಬ್ಬ ಬಂದರಷ್ಟೇ ಟ್ರಂಕಿನಿಂದ ಹೊರಗೆ ಬರುತ್ತಿತ್ತು. ಅವಳು ಬಂಗಾರಪೇಟೆ ಸಂತೆಗೆ ಹೋದ ದಿನ ಆಂಜಿನಪ್ಪ ಸರ ಬಿಚ್ಚಿದ, ಗುಂಡುಗಳೊಳಗಿನ ಅರಗನ್ನು ತಿಪ್ಪೆಗೆಸೆದ, ಚಿನ್ನವನ್ನು ದನದ ಕೊಟ್ಟಿಗೆಯಲ್ಲಿ ಕೂತು ಅರದಿಂದ ಉಜ್ಜಿ ಉಜ್ಜಿ ಪುಡಿ ಮಾಡಿದ. ಕಳ್ಳ ಇಳಿದಂತೆ ಕಾಣಲೆಂದು ಮಾಡಿನ ಹೆಂಚು ಸರಿಸಿಟ್ಟ. ಅವಳು ಬಾಗಿಲಿಗೆ ಬರುವ ಮೊದಲೇ ಎದೆ ಬಡಿದುಕೊಂಡು ಕೂಗಿದ. ದಾರಿಯಲ್ಲಿ ಹೋಗುತ್ತಿದ್ದ ಗಿಣಿಶಾಸ್ತ್ರದವನನ್ನು ಹಿಡಿದು ಅವನ ಗಂಟು ಕೊಡವಿಸಿದ. ಗಿಣಿಯ ಪಂಜರವನ್ನೂ ಬಿಡಲಿಲ್ಲ.

"ನಮ್ಮವ್ವ ಕೊಟ್ಟಿದ್ದು. ಕದ್ದೋನ ಮನೇಲಿ ದೀಪ ಉರೀಬಾರ್ದು," ಎಂದು ಅತ್ತಳು ಗಂಗರತ್ನಮ್ಮ. ಸಂಜೆ ಅವಳು ಮೂಲೆ ಬಿಟ್ಟು ಏಳದಿದ್ದಾಗ ದೀಪವನ್ನು ಆಂಜಿನಪ್ಪನೇ ಹಚ್ಚಿದ.

ಇನ್ನು ಪುಡಿಯನ್ನು ಹೊಲಕ್ಕೆ ಸೇರಿಸುವ ಕೆಲಸ. ಬರಿ ಹೊಲದಲ್ಲಿ ಏನನ್ನೋ ಎರಚುತ್ತಾ ನಡೆದರೆ ನಾಲ್ಕು ಜನ ಕೇಳುತ್ತಾರೆ. ಬಿತ್ತುವವನನ್ನು ಯಾರು ಕೇಳುತ್ತಾರೆ? ಚಿನ್ನದ ಪುಡಿಯನ್ನು ಬಿತ್ತನೆ ರಾಗಿಗೆ ಕಲಸಿದ. ಮಿಂಚು ಕಾಣದಿರಲೆಂದು ಒಲೆ ಬೂದಿ ಬೆರೆಸಿದ. ಹುಳು ಹತ್ತಬಾರದೆಂದು ಬೂದಿ ಹಾಕುವುದು ಇದ್ದದ್ದೇ. ಹಾಡುಹಗಲಲ್ಲಿ ಕೂರಿಗೆ ಹೂಡಿದ. ಅವನು ಎತ್ತು ಹೊಡೆದ. ಗಂಗರತ್ನಮ್ಮ ಯಾವತ್ತಿನಂತೆ ಹಿಂದೆ ನಡೆಯುತ್ತಾ ಕೂರಿಗೆ ಬಟ್ಟಲಿಗೆ ಹಿಡಿಹಿಡಿಯಾಗಿ ಬೀಜ ಬಿಟ್ಟಳು. ಕಳ್ಳತನಕ್ಕೆ ಇಷ್ಟು ಅಚ್ಚುಕಟ್ಟು ಇರಬಹುದೆಂದು ಆಂಜಿನಪ್ಪನಿಗೇ ಗೊತ್ತಿರಲಿಲ್ಲ.

"ದಿಬ್ಬದ ಕೆಳಗಿನ ರಾಗಿ ಕುಯ್ಯಾಕೆ ಸುರಂಗ ತೋಡ್ತೀಯೇನ್ಲಾ?" ಎಂದು ಬದುವಿನ ಮೇಲೆ ನಿಂತು ನಕ್ಕ ದೊಡ್ಡವೆಂಕಟಪ್ಪ. ಹುಟ್ಟಿದ ಮೇಲೆ ಮೊದಲ ಸಲ ಆಂಜಿನಪ್ಪ ತಿರುಗಿಸಿ ಬಯ್ಯಲಿಲ್ಲ.

ಹದವಾದ ಮಳೆ ಬಿತ್ತು. ರಾಗಿ ಮೊಳೆಯಿತು. ಆಂಜಿನಪ್ಪ ತಲೆಗೆ ಟವಲು ಸುತ್ತಿ ಕಂಪನಿಗೆ ಹೋಗಿ, ಮಣ್ಣು ಪರೀಕ್ಷೆ ಮಾಡುವ ಕುಪ್ಪುಸ್ವಾಮಿಯ ಮುಂದೆ ಕೈಕಟ್ಟಿ ನಿಂತು, ಎತ್ತಿನ ಗೊರಸಿಗೆ ಏನೋ ಹಳದಿ ಅಂಟಿತ್ತು ಸ್ವಾಮಿ, ನಂಗೇನು ತಿಳೀತದೆ, ಎಂದ.

ಕುಪ್ಪುಸ್ವಾಮಿ ಆಳುಗಳೊಂದಿಗೆ, ಮಣ್ಣು ತೊಳೆಯುವ ತಟ್ಟೆಯೊಂದಿಗೆ ಬಂದ. ಅರ್ಧ ಊರು ಬದುವಿನ ಮೇಲೆ ನೆರೆಯಿತು. ಮೊದಲ ತಟ್ಟೆಯ ತಳದಲ್ಲೇ ಹಳದಿ ಮಿನುಗಿತು. ದೊಡ್ಡವೆಂಕಟಪ್ಪ ಇಂಗು ತಿಂದ ಮಂಗನಂತಾದ. ಕುಪ್ಪುಸ್ವಾಮಿ ಗೂಟ ಕೀಳಲು ಹೇಳಿದ. ಒಬ್ಬ ಆಳು ಗೂಟಕ್ಕೆ ಕೈ ಹಾಕಿಯೂ ಆಯಿತು. ಗಂಗರತ್ನಮ್ಮ ಬಂದವರಿಗೆ ಮಜ್ಜಿಗೆ ಹಂಚುತ್ತಿದ್ದಳು. ಕುಪ್ಪುಸ್ವಾಮಿ ಇನ್ನೊಂದು ತಟ್ಟೆ ತೊಳೆದ, ಮತ್ತೊಂದು ತೊಳೆದ. ಆಮೇಲೆ ಕುಕ್ಕರಗಾಲಲ್ಲಿ ಕೂತು ಹೊಲವನ್ನು ಉದ್ದಕ್ಕೂ ನೋಡಿದ. ಗೂಟದ ಆಳಿಗೆ ನಿಲ್ಲೆಂದು ಕೈ ತೋರಿಸಿದ.

"ಇದೇನ್ರೀ ಆಂಜಿನಪ್ಪ, ರಾಗಿ ಮೊಳೆತಿರೋ ಸಾಲಲ್ಲೆಲ್ಲಾ ಚಿನ್ನ ಐತೆ. ಸಾಲು ಬಿಟ್ಟು ನಾಲ್ಕು ಬೆರಳು ಈಚೆಗೆ ಬರೀ ಮಣ್ಣು. ಚಿನ್ನಕ್ಕೂ ಕೂರಿಗೆ ಹೂಡಿದ್ರಾ?" ಬದುವಿನ ಮೇಲೆ ಯಾರೋ ನಕ್ಕರು. ಗಂಗರತ್ನಮ್ಮ ನಗಲಿಲ್ಲ. ತಟ್ಟೆಯಲ್ಲಿನ ಹಳದಿಯನ್ನು ನೋಡಿದಳು, ಹಸಿರು ಸಾಲುಗಳನ್ನು ನೋಡಿದಳು, ಕೊನೆಗೆ ಬೀಜ ಬಿಟ್ಟ ತನ್ನ ಬಲಗೈಯನ್ನು ನೋಡಿಕೊಂಡಳು. ಮಜ್ಜಿಗೆ ಚೊಂಬನ್ನು ಬದುವಿನ ಮೇಲಿಟ್ಟು, ಸೆರಗು ಕೊಡವಿ, ತವರೂರು ಬಂಗಾರಪೇಟೆಯ ದಾರಿ ಹಿಡಿದಳು. ಆಂಜಿನಪ್ಪ "ಲೇ, ನಿಂತ್ಕೋ," ಎಂದ. ಅವಳು ನಿಲ್ಲಲಿಲ್ಲ. ದಿಬ್ಬ ಬಂದು ಹೊಲವನ್ನು ಮುಚ್ಚಿದ ಮೇಲೂ ಅವಳು ಬರಲಿಲ್ಲ.