ಎಣ್ಣೆ ಯಂತ್ರದ ಮೂರು ತೂತು

ಬೀಗ ಒಡೆದಿತ್ತು. ಯಂತ್ರ ಮಾಯ!

ಕುಶಾಲನಗರದ ತನ್ನ ವರ್ಕ್‌ಶಾಪಿನಲ್ಲಿ ನಾಗರಾಜು ತಲೆಮೇಲೆ ಕೈಹೊತ್ತು ಕೂತಿದ್ದ. ನೀರಿನ ಮೇಲೆ ತೇಲುವ ಎಣ್ಣೆಯನ್ನು ಉರುಳೆಗೆ ಅಂಟಿಸಿಕೊಂಡು ಬಳಿದು ತೆಗೆಯುವ ಯಂತ್ರ ಅದು. ಪೇಟೆಂಟಿಗೆ ಅರ್ಜಿ ಹಾಕಿ ಆರು ತಿಂಗಳಾಗಿತ್ತು. ತನ್ನ ಹೆಸರಲ್ಲಿ ಒಂದು ಪೇಟೆಂಟ್ ಬರಬೇಕು, ಅದೊಂದೇ ಅವನ ಆಸೆ.

"ಯಾರ ಮೇಲೆ ಅನುಮಾನ?" ಸಬ್ ಇನ್‌ಸ್ಪೆಕ್ಟರ್ ಕಾವ್ಯಶ್ರೀ ಕೇಳಿದಳು.

"ಗುಜರಿ ಸೋಮ, ಮೇಡಂ. ಹಳೇ ಕಬ್ಬಿಣ ಇದ್ರೆ ಕೊಡು ಅಂತ ಮೊನ್ನೆ ತಾನೇ ಬಂದಿದ್ದ."

ಸೋಮನ ಗುಜರಿಯನ್ನೆಲ್ಲ ಜಾಲಾಡಿದ್ದಾಯಿತು. ಸಿಕ್ಕಿದ್ದು ಬರೀ ತುಕ್ಕು. ಪಾಪ, ಅವನು ಆ ದಿನ ಹುದಿಕೇರಿಯಲ್ಲಿ ಮಗಳ ಮನೆಯಲ್ಲಿದ್ದ.

* * *

ತಿಂಗಳಾದ ಮೇಲೆ ನಾಗರಾಜು ಸ್ಟೇಷನ್ನಿಗೆ ಓಡಿಬಂದ. ಕೈಯಲ್ಲಿ ಪೇಟೆಂಟ್ ಕಚೇರಿಯ ಕಾಗದ. ಸಂಪಾಜೆಯಲ್ಲಿ ಸರ್ವಿಸ್ ಸ್ಟೇಷನ್ ಇಟ್ಟಿರುವ ಚಿದಾನಂದ ತಕರಾರು ಹಾಕಿದ್ದ. ಇಂಥದೇ ಯಂತ್ರ ಎರಡು ವರ್ಷದಿಂದ ತನ್ನಲ್ಲಿ ಎಲ್ಲರೆದುರೇ ಓಡುತ್ತಿದೆ, ಇದರಲ್ಲಿ ಹೊಸತೇನಿಲ್ಲ ಅಂತ. ಜೊತೆಗೆ ಎರಡು ವರ್ಷ ಹಿಂದಿನ ತಾರೀಖಿರುವ ಫೋಟೊ. ಅಬ್ಬಾ ಧೈರ್ಯವೇ!

"ಇದು ನಿಜ ಅಂದ್ಕೊಂಡ್ರೆ ನನ್ನ ಅರ್ಜಿ ಬಿದ್ದೋಯ್ತದೆ ಮೇಡಂ. ಆಮೇಲೆ ಅವನೇ ಮಾಡಿ ಮಾರ್ತಾನೆ."

ಕಾವ್ಯಶ್ರೀ ಫೋಟೊ ದಿಟ್ಟಿಸಿದಳು. "ಪಕ್ಕದ ತಗಡಲ್ಲಿ ಮೂರು ಸೊಟ್ಟ ತೂತು. ಏನಿದು?"

ನಾಗರಾಜು ಫೋಟೊ ಕಸಿದುಕೊಂಡ. "ಅಯ್ಯೋ, ಇವು ನನ್ನ ಯಂತ್ರದ ತೂತು!"

* * *

ಮರುದಿನ ಸಂಪಾಜೆ. ಕಾವ್ಯಶ್ರೀ ಜೊತೆಗೆ ನಾಗರಾಜು, ನೆಲ್ಯಹುದಿಕೇರಿಯ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಂಗಮ್ಮ.

"ಹೊಸ ಸ್ಟೀಲಲ್ಲಿ ಮಾಡಿದ್ದು. ನಂದೇ ಐಡಿಯಾ," ಎಂದ ಚಿದಾನಂದ, ತನ್ನ ಯಂತ್ರ ತೋರಿಸುತ್ತ.

"ಈ ತೂತು?"

"ಗಾಳಿ ಆಡ್ಲಿಕ್ಕೆ."

"ಮುಚ್ಚಳವೇ ಇಲ್ಲದ ಯಂತ್ರಕ್ಕೆ ಗಾಳಿ! ಭೇಷ್!" ಕಾವ್ಯಶ್ರೀ ನಕ್ಕಳು. "ತಂಗಮ್ಮನವರೇ, ನೀವು ಹೇಳಿ."

"ನಮ್ಮ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಹಿಡಿ ಮುರಿದಿತ್ತು. ಪಟ್ಟಿ ಕೂರಿಸೋಕೆ ನಮ್ಮ ಮೇಸ್ತ್ರಿ ಅದರ ತಗಡಲ್ಲಿ ಕೊರೆದ ತೂತು ಥೇಟ್ ಇವೇ. ಹೋದ ವರ್ಷ ಹಣ್ಣು ಪಿಕಿಂಗ್ ಮುಗಿಯೋವರೆಗೂ ಆ ಪಲ್ಪರ್ ಓಡ್ತಿತ್ತು. ಆಮೇಲೆ ಬಿಚ್ಚಿ ಇವರಿಗೆ ಕೊಟ್ವಿ."

"ಆ ತಗಡನ್ನೇ ನನ್ನ ಯಂತ್ರಕ್ಕೆ ಹಾಕಿದೆ," ಎಂದ ನಾಗರಾಜು. "ತೂತು ಮುಚ್ಚೋಕೆ ಸೋಮಾರಿತನ."

"ಅರ್ಜಿಯ ನಕ್ಷೆಯಲ್ಲಿ ಈ ತೂತುಗಳಿಲ್ಲ," ಕಾವ್ಯಶ್ರೀ ಚಿದಾನಂದನ ಕಡೆ ತಿರುಗಿದಳು. "ಯಂತ್ರವನ್ನೇ ಎದುರಿಗಿಟ್ಟುಕೊಂಡವನಿಗೆ ಮಾತ್ರ ಗೊತ್ತು. ಯಾವುದು ಬೇಕು, ಯಾವುದು ಬೇಡ ಅಂತ ತಿಳಿಯದೆ ನೀವು ಎಲ್ಲವನ್ನೂ ನಕಲು ಹೊಡೆದಿರಿ. ಹೋದ ವರ್ಷ ಪಲ್ಪರಿನಲ್ಲಿದ್ದ ತೂತು ಎರಡು ವರ್ಷದ ಹಿಂದೆ ನಿಮ್ಮ ಯಂತ್ರಕ್ಕೆ ಹೇಗೆ ಬಂತು? ಫೋಟೊದ ತಾರೀಖು ಸುಳ್ಳು."

ಚಿದಾನಂದನ ಕಣ್ಣು ಹಿತ್ತಿಲ ಕಡೆ ಹೊರಳಿತು; ಕಾವ್ಯಶ್ರೀ ಅತ್ತಲೇ ನಡೆದಳು. ಹಿಂದಿನ ಶೆಡ್ಡಿನಲ್ಲಿ, ಗೋಣಿಚೀಲಗಳ ಕೆಳಗೆ, ಕದ್ದ ಯಂತ್ರ ಸಿಕ್ಕಿತು. ನಾಗರಾಜು ಅದನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ.

* * *

ತಕರಾರು ಬಿದ್ದುಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕಾವ್ಯಶ್ರೀಯ ಫೋನು ಹೊಡೆದುಕೊಂಡಿತು.

"ಬಂತು ಮೇಡಂ, ಬಂತು! ಪೇಟೆಂಟು! ನನ್ನ ಹೆಸರೇ ಅಚ್ಚಾಗಿದೆ!"

ಹಿಂದಿನಿಂದ ಅವನ ಹೆಂಡತಿ ಲಿಂಗಮ್ಮ ಕೂಗುತ್ತಿದ್ದಳು: "ಮೇಡಮ್ಮೋರಿಗೆ ಹೇಳ್ರೀ, ಹೋಳಿಗೆ ಬೇಯ್ತಾ ಇದೆ, ಡ್ಯೂಟಿ ಗೀಟಿ ಅಂದ್ರೆ ಕೇಳಲ್ಲ!"

ಕಾವ್ಯಶ್ರೀ ಆಗಲೇ ಜೀಪಿನ ಕೀ ಎತ್ತಿಕೊಂಡಿದ್ದಳು.