ಗರ್ಭಕ್ಕೆ ಕಟ್ಟಿದ ಲಿಂಗ

ಗುರುಪಾದ ತೀರಿಕೊಂಡ ಸುದ್ದಿ ಸತ್ತೂರಿನ ಆಸ್ಪತ್ರೆಯಿಂದ ಬಂದ ಬೆಳಿಗ್ಗೆ, ಕೆಲಗೇರಿಯ ಮನೆಯಲ್ಲಿ ಅವನ ಹೆಂಡತಿ ಭಾಗ್ಯಶ್ರೀ ಅವನಿಗೆಂದು ಗಂಜಿ ಆರಿಸುತ್ತಿದ್ದಳು. ಫೋನು ಕೆಳಗಿಟ್ಟ ಮೇಲೂ ಚಮಚದಿಂದ ಕಲಕುತ್ತಲೇ ಇದ್ದಳು.

ಹಿಂದಿನ ಸಂಜೆಯಷ್ಟೇ ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ನಕ್ಕಿದ್ದ.

“ಏನ ಹಂಗ ನೋಡ್ತಿ? ಬೋಳು ತಲಿ ಗಂಡನ್ನ ಕಂಡಿಲ್ಲೇನ?”

“ಕಂಡೇನ್ರಿ. ಇಷ್ಟ ಮಿಂಚೂದನ್ನ ಕಂಡಿರಲಿಲ್ಲ.”

ಅವನು ಕಣ್ಣು ಕಿರಿದು ಮಾಡಿ ಅವಳ ಕಿರುಬೆರಳು ಹಿಡಿದುಕೊಂಡ. “ನಾ ಇರದಿದ್ರೂ ನಮ್ಮ ಕೂಸು ಬರಬೇಕ ನೋಡು. ನಿನ್ನ ಮೂಗು, ನನ್ನ ಹಟ.”

“ಹಟ ಬ್ಯಾಡ್ರಿ. ಮನ್ಯಾಗ ಒಬ್ಬರದ ಸಾಕಾಗೇತಿ.”

ಕ್ಯಾನ್ಸರಿನ ಚಿಕಿತ್ಸೆಗೆ ಮೊದಲು ವೈದ್ಯರು ಕಾಪಿಟ್ಟಿದ್ದ ಅವನ ವೀರ್ಯದಿಂದ, ಅವನು ಹೋದ ಮರುವರ್ಷ ಭಾಗ್ಯಶ್ರೀ ಬಸುರಿಯಾದಳು. ಮುಸ್ಸಂಜೆ ಹೊರಬಾಗಿಲಲ್ಲಿ ಅವನು ಕೆಮ್ಮಿದಂತೆ ಕೇಳುತ್ತಿತ್ತು. ಅವಳು “ಬಂದೆ ರೀ” ಎನ್ನುವಳು; ಎದ್ದು ಹೋದರೆ ಯಾರೂ ಇರುತ್ತಿರಲಿಲ್ಲ. ಒಳಗೆ ವಿಭೂತಿ ಧರಿಸುತ್ತಿದ್ದ ಅತ್ತೆ ಶಿವಬಸವ್ವನ ಕೈಯೂ ಅದೇ ಹೊತ್ತಿಗೆ ನಿಲ್ಲುತ್ತಿತ್ತು.

ಎಂಟನೆಯ ತಿಂಗಳಲ್ಲಿ ಹೊಟ್ಟೆಯ ಕೂಸಿಗೆ ಲಿಂಗ ಕಟ್ಟುವುದು ಆ ಮನೆಯ ಪದ್ಧತಿ. ಮನೆತನದ ಜಂಗಮರು ಶಾಂತಯ್ಯನವರು ಬಂದು ಗದ್ದುಗೆಯ ಮೇಲೆ ಕುಳಿತರು. ಅಷ್ಟರಲ್ಲಿ ಗುರುಪಾದನ ಅಣ್ಣ ಗುರುಬಸವ ಅಡ್ಡ ಬಂದ.

“ನಿಲ್ರಿ ಅಯ್ನಾರ. ತಂದಿ ಸತ್ತಾಗ ಹೊಟ್ಯಾಗ ಇರದ ಕೂಸಿಗೆ ಕಾಯ್ದೆದಾಗ ಪಾಲಿಲ್ಲಂತ. ಇವತ್ತ ತಮ್ಮನ ಹೆಸರಿಲೆ ಲಿಂಗ ಕಟ್ಟಿದ್ರ, ನಾಳೆ ಗಬ್ಬೂರ ಹೊಲಾ ಕೇಳ್ತಾರ.”

“ಹೊಲಾ ನೀವ ಇಟ್ಕೊಳ್ರಿ ಭಾವಾರ,” ಎಂದಳು ಭಾಗ್ಯಶ್ರೀ. “ಕೂಸಿಗೆ ಅವರ ಹೆಸರು ಬಿಡ್ರಿ, ಸಾಕು.”

ಶಿವಬಸವ್ವ ಕಂಬ ಹಿಡಿದು ಎದ್ದಳು. “ಲೇ ಗುರುಬಸವ, ಹೊಲಾ ನನ್ನ ಹೆಸರಿಲೆ ಐತಿ. ನೀ ಹೊಟ್ಯಾಗಿದ್ದಾಗ ನಿನಗೂ ಲಿಂಗ ಕಟ್ಟಿಸೇನಿ. ಅವತ್ತ ನೀ ಯಾರ ಮಗಾ ಅಂತ ಯಾರೂ ಕೇಳಲಿಲ್ಲ. ಅರ್ಧಾ ಹೊಲಾ ಈ ಕೂಸಿಂದು. ನಾಳೆನ ಬರದ ಕೊಡ್ತೇನಿ. ಕಾಯ್ದೆ ಇದನ್ನ ಮನಿ ಕೂಸಂತ ಎಣಸದಿದ್ರ ನಾ ಎಣಸ್ತೇನಿ. ಕೂಡು, ಇಲ್ಲಾ ಹೊರಗ ಹೋಗು.”

ಗುರುಬಸವ ಗೋಡೆಗೆ ಒರಗಿ ಕುಳಿತ.

“ತಂದಿ ಹೆಸರು ಹೇಳವಾ,” ಎಂದರು ಶಾಂತಯ್ಯನವರು.

ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅತ್ತೆ ಹೇಳಬಹುದೆಂದು ತಿರುಗಿದಳು. ಅತ್ತೆ ತಲೆಯಾಡಿಸಿದಳು: ನೀನೇ ಹೇಳು.

“ಗುರುಪಾದ,” ಎಂದಳು. ಬೆನ್ನ ಹಿಂದೆ ಯಾರೋ ನೀಳವಾಗಿ ಉಸಿರು ಬಿಟ್ಟಂತಾಯಿತು. ಮುಖ ಮದುಮಗಳಂತೆ ಕೆಂಪೇರಿತು, ತಿರುಗಿ ನೋಡಲಿಲ್ಲ. ಶಾಂತಯ್ಯನವರು ಹೊಟ್ಟೆಯ ಮೇಲೆ ಲಿಂಗ ಕಟ್ಟುವಾಗ ಅವಳು ಕಣ್ಣು ಮುಚ್ಚಿದಳು.

‘ಶಿವನೇ, ಅವರು ಭಾಳ ನೊಂದಾರ. ಕೂಸಿನ ಚಿಂತಿ ಇನ್ನ ನನಗಿರಲಿ. ಅವರ ಜೀವಕ್ಕ ನಿನ್ನ ಹತ್ರ ಶಾಂತಿ ಕೊಡಪ್ಪಾ.’