ಕೆತ್ತಿಹಾಕಿದ ನಂಬರು

ಪರದೆ ಜಾರಿದಾಗ ಚಪ್ಪಾಳೆ ಅರ್ಧಕ್ಕೇ ನಿಂತಿತು. ಚಿನ್ನದ ಗಣಿ ಮುಚ್ಚಿಹೋದ ಊರು ಊರಿಗಾಂನ ತಿರುವಿನ ರಸ್ತೆಬದಿಯಲ್ಲಿ ಎದ್ದಿದ್ದ ಇಪ್ಪತ್ತೈದು ಅಡಿಯ ಸಿಮೆಂಟಿನ ಗಣಿಕಾರ್ಮಿಕನ ಸೊಂಟಪಟ್ಟಿಯ ನಂಬರನ್ನು ಯಾರೋ ಉಳಿಯಿಂದ ಕೆತ್ತಿಹಾಕಿದ್ದರು. ಮಿಕ್ಕಿದ್ದೆಲ್ಲ ನೆಟ್ಟಗಿತ್ತು.

ಹಿಂದಿನ ದಿನ "ಗೊಂಬೆಗೆ ಹಾರ, ನಮಗೆ ಕೆಮ್ಮು" ಎಂದು ಕೂಗಾಡಿದ್ದ ಹಳೇ ಕಾರ್ಮಿಕ ಸೆಲ್ವರಾಜನನ್ನು ಎಸ್‌ಐ ಜೀಪಿಗೆ ಹತ್ತಿಸಹೊರಟರು.

ಎದುರಿನ ಟೀ ಅಂಗಡಿಯ ಕದಿರಮ್ಮ ಒಲೆ ತಗ್ಗಿಸಿದಳು. ಗಣಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಏನೇ ಕಳವಾದರೂ ಜನ ಮೊದಲು ಬರುತ್ತಿದ್ದುದು ಅವಳ ಬಳಿಗೆ. ಅವಳ ಜೊತೆ ಹನ್ನೆರಡು ವರ್ಷದಿಂದ ಲೋಟ ತೊಳೆಯುತ್ತಿದ್ದ ವನಿತಾಗೆ ಆ ಒಲೆ ತಗ್ಗಿದ್ದರ ಅರ್ಥ ಗೊತ್ತಿತ್ತು. ವನಿತಾ, ಮೂವತ್ತು ವರ್ಷದ ಹಿಂದೆ ಮದರಾಸಿಗೆ ಓಡಿಹೋದನೆಂದು ಊರೆಲ್ಲ ಹೇಳುವ ಗಣಿಯಾಳು ಮುನಿಶಾಮಿಯ ಮಗಳು.

"ಗೊಂಬೆ ಕೆಳಗೆ ಏನೈತೆ, ನೋಡೇ."

"ಏಣಿ ಊರಿದ ಗುರುತು, ಸಿಮೆಂಟು ಪುಡಿ. ಪರದೆ ಹಗ್ಗಕ್ಕೆ ಮತ್ತೆ ಗಂಟಾಕವ್ರೆ ಅಕ್ಕ."

ಕದಿರಮ್ಮ ಶಿಲ್ಪಿ ಸುಧಾಕರನನ್ನು ಕರೆದಳು. "ನಂಬರ್ ಯಾರ್ಯಾರು ನೋಡಿದ್ರಪ್ಪ?"

"ನಿನ್ನೆ ಸಂಜೆ ಕೆತ್ತಿದೆ. ಅಧ್ಯಕ್ಷರು ನೋಡಿದ್ರು, ಆಮೇಲೆ ಪರದೆ ಕಟ್ಟಿದ್ವಿ. ನಿಜವಾದ ನಂಬರೇ ಇರಲಿ ಅಂತ ಗುಜರಿಯಲ್ಲಿ ಸಿಕ್ಕಿದ ಹಿತ್ತಾಳೆ ಬಿಲ್ಲೆ ನೋಡ್ಕೊಂಡು ಕೆತ್ತಿದ್ದು."

ಅವಳು ಗುಜರಿಯವನಿಗೆ ಫೋನು ಮಾಡಿ, ಎಸ್‌ಐ, ಸೆಲ್ವರಾಜ ಸೇರಿ ಎಲ್ಲರನ್ನೂ ಅಂಗಡಿಯ ಬೆಂಚಿನ ಮೇಲೆ ಕೂರಿಸಿದಳು. ಪ್ರತಿಮೆ ಸಮಿತಿಯ ಅಧ್ಯಕ್ಷ ಕೋದಂಡಪ್ಪನೂ ಕೂತ. ಗಣಿಯಲ್ಲಿ ಅವನು ಬಿಲ್ಲೆ ಗುಮಾಸ್ತನಾಗಿದ್ದ. ಇಳಿಯುವವನು ತನ್ನ ನಂಬರಿನ ಬಿಲ್ಲೆಯನ್ನು ಹಲಗೆಯ ಮೊಳೆಗೆ ಹಾಕಿ ಇಳಿಯಬೇಕು, ಮೇಲೆ ಬಂದು ತೆಗೆದುಕೊಳ್ಳಬೇಕು. ಬಿಲ್ಲೆ ಮೊಳೆಯಲ್ಲಿದ್ದರೆ ಆಳು ಒಳಗಿದ್ದಾನೆಂದು ಲೆಕ್ಕ.

"ಸೆಲ್ವರಾಜ ನಾಲ್ಕು ಮೆಟ್ಟಿಲತ್ತಿದ್ರೆ ಕೂತ್ಕೋತಾನೆ. ಏಣಿ ಹತ್ತೋ ಎದೆ ಅಲ್ಲ ಅದು" ಎಂದಳು ಕದಿರಮ್ಮ.

"ಮೇಲಕ್ಕೋಗೋವಾಗ್ಲೂ ನನ್ನ ಯಾರಾದ್ರೂ ಎತ್ಕೊಂಡೇ ಓಗ್ಬೇಕು" ಎಂದ ಸೆಲ್ವರಾಜ.

"ಕ್ವಾಪ ಇರೋನು ಮೊಕಕ್ಕೆ ಒಡೀತಾನೆ" ಎಂದು ಕದಿರಮ್ಮ ಮುಂದುವರಿಸಿದಳು. "ಇವನು ನಂಬರ್ ಮಾತ್ರ ತೆಗೆದು ಪರದೆ ಕಟ್ಟವ್ನೆ. ಇದು ಭಯ. ನಂಬರ್ ನೋಡಿದ್ದು ಇಬ್ಬರು. ಕೆತ್ತಿದೋನೇ ಅಳಿಸೋದಾದ್ರೆ ಕೆತ್ತೋದ್ಯಾಕೆ? ಇನ್ನೊಬ್ಬರ ಜೇಬಲ್ಲಿ ಏಣಿ ಇಟ್ಟಿರೋ ಸಮಿತಿ ಶೆಡ್ಡಿನ ಬೀಗದ ಕೈ ಐತೆ. ಕೋದಂಡಣ್ಣಾ, ಆ ಬಿಲ್ಲೆ ನಿಮ್ಮ ಟ್ರಂಕಿಂದೇ. ಹಬ್ಬಕ್ಕೆ ಮನೆ ಗುಡಿಸ್ತಾ ನಿಮ್ಮ ಸೊಸೆ ಗುಜರಿಗೆ ಹಾಕಿದ್ಲಂತೆ, ಗುಜರಿಯವನೇ ಅಂದ."

ಕೋದಂಡಪ್ಪನ ಟೀ ಆರುತ್ತಿತ್ತು. "ಮುಚ್ಚಿದ ಸುರಂಗಕ್ಕೆ ಆಳು ಇಳಿಸಿದ್ರು. ಬಂಡೆ ಬಿತ್ತು, ಒಬ್ಬ ಅಲ್ಲೇ ಸತ್ತ. ಬಿಲ್ಲೆ ತೆಗೆದುಬಿಡು ಅಂದ ಮೇಸ್ತ್ರಿ. ಆವತ್ತು ಕೆಲಸಕ್ಕೇ ಬಂದಿಲ್ಲ ಅಂತ ಬರೆದೆ. ನಂಗೂ ಮಕ್ಕಳಿದ್ರು."

"ಬಿಲ್ಲೆ ಎಸೀಬೋದಿತ್ತಲ್ಲ?"

"ಕೈ ಬರ್ಲಿಲ್ಲಮ್ಮ."

ಸುಧಾಕರ ಬಿಲ್ಲೆಯನ್ನು ಮೇಜಿನ ಮೇಲಿಟ್ಟ. ೧೧೬೨. ವನಿತಾ ಲೋಟ ಬದಿಗಿಟ್ಟು ಬಿಲ್ಲೆ ಎತ್ತಿಕೊಂಡಳು. ಅದು ಅಪ್ಪನ ಸಂಬಳದ ಪುಸ್ತಕದ ಮೇಲಿದ್ದ ನಂಬರು. ಅಮ್ಮ ಆ ಪುಸ್ತಕವನ್ನು ದಿಂಬಿನಡಿ ಇಟ್ಟುಕೊಂಡು, ಓಡಿಹೋದವನನ್ನು ಬೈಯುತ್ತ, ಕುಂಕುಮ ಅಳಿಸದೆ, ಹೋದ ವರ್ಷ ಸತ್ತಿದ್ದಳು.

"ಇದನ್ನ ಅಮ್ಮನಿಗೆ ಯಾರು ಏಳ್ತಾರೆ, ಅಕ್ಕ?"

ಎಸ್‌ಐ ಕೋದಂಡಪ್ಪನನ್ನು ಕರೆದೊಯ್ದ ಮೇಲೆ ಕದಿರಮ್ಮ ಅಂಗಡಿಯ ಕಂಬದಿಂದ ಒಂದು ಮೊಳೆ ಕಿತ್ತು ಪ್ರತಿಮೆಯ ಪೀಠದ ಸಂದಿಗೆ ಹೊಡೆದಳು. ವನಿತಾ ಬಿಲ್ಲೆಯನ್ನು ಅದಕ್ಕೆ ತೂಗುಹಾಕಿದಳು.

ಮೂವತ್ತು ವರ್ಷ ತಡವಾಗಿ ಮುನಿಶಾಮಿ ಕೆಲಸಕ್ಕೆ ಹಾಜರಾದ.